ಮೂರು ಬಣ್ಣದ ಪೆನ್ಸಿಲುಗಳು

ನಾವು ಹೈಸ್ಕೂಲಿನ ಮೊದಲನೆಯ ತರಗತಿಯಲ್ಲಿದ್ದಾಗ ಯೂರೋಪಿನ ಭೂಪಟಕ್ಕೆ ಬಣ್ಣ ಹಾಕಿ ತರಬೇಕೆಂದು ಅಪ್ಪಣೆಯಾಯಿತು. ಎಲ್ಲೆ ಸೇರಿದ ಎರಡು ದೇಶಗಳಿಗೆ ಒಂದೇ ಬಣ್ಣ ಬರಕೂಡದು. ನಮ್ಮಲ್ಲಿದ್ದುದು ಕೆಂಪು, ಹಸಿರು, ನೀಲಿ ಪೆನ್ಸಿಲುಗಳು ಮಾತ್ರ. ನಾಲ್ಕನೆಯದನ್ನು ತಂದೆಯವರಲ್ಲಿ ಬೇಡುವ ಧೈರ್ಯವಿರಲಿಲ್ಲ. ರಾತ್ರಿಯೆಲ್ಲ ಉಜ್ಜಿ ಉಜ್ಜಿ ಲಕ್ಸೆಂಬರ್ಗಿನ ಸ್ಥಳದಲ್ಲಿ ಕಾಗದವೇ ತೂತಾಯಿತು. ಮರುದಿನ ಪಟದ ಅಂಚಿನಲ್ಲಿ 'ಅಲಕ್ಷ್ಯ' ಎಂಬ ಮಾತು ಕೆಂಪು ಮಸಿಯಲ್ಲಿ ಬಂದಿತು. ಆ ಮಾತನ್ನು ನಾವು ಬಹುಕಾಲ ನಂಬಿದೆವು.

"ದೊಡ್ಡಮ್ಮ, ನೀವು ಅತ್ತದ್ದು ವ್ಯರ್ಥ" ಎಂದವಳು ಕಾಲೇಜಿನಲ್ಲಿ ಗಣಿತ ಓದುವ ನಮ್ಮ ತಂಗಿಯ ಮಗಳು. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳು ಪರಸ್ಪರ ಎಲ್ಲೆ ಸೇರಿವೆ; ಆ ಮೂರಕ್ಕೂ ಲಕ್ಸೆಂಬರ್ಗು ಅಂಟಿಕೊಂಡಿದೆ. ಮೂರು ಬಣ್ಣಗಳಿಂದ ಅದು ಆಗತಕ್ಕ ಕೆಲಸವೇ ಅಲ್ಲ!

ದೊಡ್ಡ ಪಟದಲ್ಲಿ ಕಾರಣವು ಹೀಗೆ ಕಣ್ಣಿಗೆ ಬೀಳದು. ಬಣ್ಣ ಹಾಕಿ ತಂದ ಪಟವನ್ನು ಎಲ್ಲೆ ಎಲ್ಲೆಯಾಗಿ ನೋಡಿ ಸರಿತಪ್ಪು ಹೇಳುವುದು ಸುಲಭ. ಬರಿಯ ಪಟವನ್ನು ಕೊಟ್ಟು ಮೂರು ಬಣ್ಣ ಸಾಕೇ ಎಂದು ಕೇಳಿದರೋ, ಇಪ್ಪತ್ತೇ ದೇಶಗಳಿದ್ದರೂ ಬಣ್ಣ ಹಚ್ಚುವ ಬಗೆಗಳು 348 ಕೋಟಿಗೂ ಮಿಗಿಲು. ಸಕಲ ಪಟಗಳಿಗೂ ಸಲ್ಲುವ ಶೀಘ್ರೋಪಾಯವು ಇದುವರೆಗೆ ಯಾರಿಗೂ ದೊರೆತಿಲ್ಲ.

ಆದರೆ ಪ್ರಶ್ನೆಯು ತರ್ಕಭಾಷೆಯಲ್ಲಿ ಒಂದೇ ವಾಕ್ಯ: ಮೂರು ಗುಂಪುಗಳಿವೆ, ಪ್ರತಿಯೊಂದು ದೇಶವೂ ಅವುಗಳಲ್ಲೊಂದಕ್ಕೆ ಸೇರಿದೆ, ನೆರೆಯ ದೇಶಗಳೆರಡು ಒಂದೇ ಗುಂಪಿನಲ್ಲಿಲ್ಲ. 'ಇಂತಹ ಗುಂಪುಗಳೂ ಸಂಬಂಧಗಳೂ ಇವೆ' ಎಂದು ಆರಂಭಿಸಿ, ಅನಂತರ ಬಿಡಿ ವಸ್ತುಗಳ ವಿಷಯವನ್ನಷ್ಟೇ ಹೇಳುವ ವಾಕ್ಯಗಳಿಗೆ ನಿಲುಕುವ ಪ್ರಶ್ನೆಗಳೂ, ಉತ್ತರವನ್ನು ಮುಂದಿಟ್ಟರೆ ಬೇಗನೆ ಪರೀಕ್ಷಿಸಬಹುದಾದ ಪ್ರಶ್ನೆಗಳೂ ಒಂದೇ ಎಂದು ರೊನಾಲ್ಡ್ ಫೇಗಿನ್ ಎಂಬ ಅಮೆರಿಕದ ವಿದ್ವಾಂಸರು 1974ರಲ್ಲಿ ಪ್ರಕಟಿಸಿದರು. ಯಂತ್ರದ ಹೆಸರೆತ್ತದೆ, ಗಡಿಯಾರ ನೋಡದೆ, ವಾಕ್ಯದ ರೂಪದಿಂದಲೇ ಶ್ರಮದ ಮೇರೆಯನ್ನು ಗುರುತಿಸಿದ ಈ ಬಗೆ ನಮಗೆ ಬಲು ಸೊಗಸೆನಿಸಿತು. ಬೇಗನೆ ಬಿಡಿಸಬಹುದಾದ ಪ್ರಶ್ನೆಗಳಿಗೂ ತಕ್ಕ ಭಾಷೆಯೊಂದನ್ನು ಇಮ್ಮರ್‌ಮನ್ ಮತ್ತು ವಾರ್ಡಿ 1982ರಲ್ಲಿ ಬೇರೆ ಬೇರೆಯಾಗಿ ಕಂಡರು; ಅದರಲ್ಲಿ ವಸ್ತುಗಳಿಗೆಲ್ಲ ನಮ್ಮ ಹಾಜರಿ ಪುಸ್ತಕದ ಹೆಸರುಗಳಂತೆ ಕ್ರಮವಿರಬೇಕು. ಈ ಎರಡು ಭಾಷೆಗಳ ಶಕ್ತಿ ಸಮವೋ ಅಲ್ಲವೋ ಎಂಬುದು ಇನ್ನೂ ತೀರಿಲ್ಲ. ಇದರ ಹಿಂದಿರುವ ಪ್ರಶ್ನೆಗೆ ಕ್ಲೇ ಗಣಿತ ಸಂಸ್ಥೆಯು 2000ದಲ್ಲಿ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನಿಟ್ಟಿತು.

ಹುಡುಗಿಯು ಪಟವನ್ನು ನೋಡಬಯಸಿದಳು. ಟ್ರಂಕಿನಿಂದ ತೆಗೆದುಕೊಟ್ಟೆವು. ಕಂದು ಬಣ್ಣದ ಪೆನ್ಸಿಲು ಹಿಡಿದು ಬಗ್ಗಿದಳು. ಹಚ್ಚಲು ಲಕ್ಸೆಂಬರ್ಗೇ ಉಳಿದಿರಲಿಲ್ಲ.