ಹಳೆಯ ಕುರ್ಚಿ, ಹೊಸ ಹಗ್ಗ

ಸೆಕೆಂಡ್ ಹ್ಯಾಂಡ್ ಸೈಕಲ್, ಸೆಕೆಂಡ್ ಹ್ಯಾಂಡ್ ಪುಸ್ತಕ ನಮಗೆಲ್ಲ ಗೊತ್ತು. ಬೆಟ್ಟ ಹತ್ತಿಸುವ ಯಂತ್ರವೂ ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಎಂದರೆ ನಂಬುತ್ತೀರಾ? ಅಮೆರಿಕದ ಮಿಚಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನು ಅಂಥದ್ದರಲ್ಲಿ ಕುಳಿತು ಬಂದೆ.

ಹಿಮ ಬೀಳುವ ಊರುಗಳಲ್ಲಿ ಜನ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುತ್ತಾರೆ. ಅದೇ ಸ್ಕೀಯಿಂಗ್. ಜಾರುವುದೇನೋ ಸರಿ, ಮತ್ತೆ ಮೇಲೆ ಹತ್ತುವುದು ಹೇಗೆ? ಅದಕ್ಕೇ ಚೇರ್‌ಲಿಫ್ಟ್. ಬೆಟ್ಟದ ಬುಡದಲ್ಲೊಂದು, ತುದಿಯಲ್ಲೊಂದು ದೊಡ್ಡ ಗಾಲಿ. ನಡುವೆ ಕಂಬಗಳ ಮೇಲೆ ಸುತ್ತುವ ಉಕ್ಕಿನ ಹಗ್ಗ. ಹಗ್ಗಕ್ಕೆ ನೇತುಬಿದ್ದ ಕುರ್ಚಿಗಳು. ನಮ್ಮ ಬಾವಿಯ ರಾಟೆಯ ದೊಡ್ಡಣ್ಣ ಎನ್ನಿ. ಕೆಮ್ಮಣ್ಣುಗುಂಡಿಯಲ್ಲೂ ಹಿಂದೆ ಇಂಥದೇ ಹಗ್ಗದ ದಾರಿ ಇತ್ತು. ಅದರಲ್ಲಿ ಬೆಟ್ಟ ಇಳಿಯುತ್ತಿದ್ದದ್ದು ಜನರಲ್ಲ, ಭದ್ರಾವತಿಯ ಕಾರ್ಖಾನೆಗೆ ಹೋಗುವ ಕಬ್ಬಿಣದ ಅದಿರು.

ಕುರ್ಚಿಯ ಯೋಚನೆ ಹುಟ್ಟಿದ್ದು ಬಾಳೆಗೊನೆಯಿಂದ! ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರನ್, ಹಿಂದೆ ಹಡಗಿಗೆ ಬಾಳೆಗೊನೆ ತುಂಬುವ ಯಂತ್ರ ನೋಡಿದ್ದವರು. ಕೊಕ್ಕೆಗೆ ಗೊನೆ ನೇತುಹಾಕುವಂತೆ ಮನುಷ್ಯರನ್ನೂ ಕೂರಿಸಬಹುದಲ್ಲ ಎಂದುಕೊಂಡರು. ಲಾರಿಯ ಪಕ್ಕಕ್ಕೆ ಕುರ್ಚಿ ಕಟ್ಟಿ, ಚಲಿಸುವ ಕುರ್ಚಿಯಲ್ಲಿ ಜನ ಕೂರಬಲ್ಲರೇ ಎಂದು ಪರೀಕ್ಷಿಸಿದರು. 1936ರಲ್ಲಿ ಐಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಚೇರ್‌ಲಿಫ್ಟ್ ಓಡಿತು. ಅಲ್ಲಿನ ಆ ಮೊದಮೊದಲ ಲಿಫ್ಟುಗಳಲ್ಲೊಂದನ್ನು 1940ರ ದಶಕದ ಕೊನೆಗೆ ಎವರೆಟ್ ಕರ್ಚರ್ ಎಂಬುವರು ಕೊಂಡು, ಮಿಚಿಗನ್‌ನ ಬಾಯ್ನ್ ಬೆಟ್ಟದಲ್ಲಿ ನಿಲ್ಲಿಸಿದರು. ಅಂದರೆ ಚೇರ್‌ಲಿಫ್ಟ್ ಹುಟ್ಟಿ ಹದಿನೈದು ವರ್ಷ ತುಂಬುವ ಮೊದಲೇ ಸೆಕೆಂಡ್ ಹ್ಯಾಂಡ್ ವ್ಯಾಪಾರವೂ ಶುರುವಾಗಿತ್ತು!

ಈಗಲೂ ಅದು ನಡೆದಿದೆ. 1981ರಲ್ಲಿ ಕೊಲರಾಡೊದ ಬ್ರೆಕೆನ್‌ರಿಜ್‌ನಲ್ಲಿ ನಾಲ್ವರು ಕೂರುವ, ನಿಲ್ದಾಣದಲ್ಲಿ ಹಗ್ಗದ ಹಿಡಿತ ಬಿಟ್ಟು ನಿಧಾನವಾಗುವ ಕುರ್ಚಿಗಳು ಬಂದವು. ದೊಡ್ಡ ದೊಡ್ಡ ಬೆಟ್ಟಗಳವರು ಅಂಥವನ್ನು ಹಾಕಿಸಿಕೊಂಡಾಗ, ಅವರ ಹಳೆಯ ಇಬ್ಬರ ಕುರ್ಚಿಗಳನ್ನು ಸಣ್ಣ ಊರಿನವರು ಕೊಳ್ಳುತ್ತಾರೆ. ಹೊಸದಕ್ಕೆ ಅವರಲ್ಲಿ ದುಡ್ಡೆಲ್ಲಿ? ಹಳೆಯದೂ ಸಿಗದಿದ್ದರೆ ಆ ಊರಿನ ಮಕ್ಕಳಿಗೆ ಬೆಟ್ಟವಿದ್ದೂ ಇಲ್ಲದಂತೆ.

ನಾವು ಹೋದದ್ದು ಅಂಥದೊಂದು ಪುಟ್ಟ ಬೆಟ್ಟ. ಎಂಟು ವರ್ಷದ ಮೊಮ್ಮಗಳೊಂದಿಗೆ ಕೂತೆ. ಅರ್ಧ ದಾರಿಯಲ್ಲಿ ಲಿಫ್ಟ್ ಗಕ್ಕನೆ ನಿಂತಿತು. ಕೆಳಗೆ ಹಿಮ, ಮುಖಕ್ಕೆ ಚಳಿಗಾಳಿ, ಕುರ್ಚಿ ಹಿಂದೆ ಮುಂದೆ ತೂಗುತ್ತಿದೆ. ಅವಳು ನನ್ನ ತೋಳು ಬಿಗಿಯಾಗಿ ಹಿಡಿದು ಕೇಳಿದಳು: "ತಾತಾ, ಹಳೇದು ಅಂತ ಕೆಟ್ಟುಹೋಯ್ತಾ?"

ನಾನು ಮೂವತ್ತು ವರ್ಷ ದುಡಿದದ್ದು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ನಮ್ಮ ವರ್ಕ್‌ಶಾಪಿನಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಎಚ್‌ಎಂಟಿ ಲೇತ್. ಅದರ ಎರಕದ ಕಬ್ಬಿಣದ ಮೈ ಹಾಗೇ ಉಳಿಯಿತು. ಬೇರಿಂಗು, ಬೆಲ್ಟು, ವೈರಿಂಗು ಬದಲಾದವು. ಪ್ರತಿ ಬೆಳಿಗ್ಗೆ ಎಣ್ಣೆ ಬಿಟ್ಟು, ಶಬ್ದ ಕೇಳಿ, ಆಮೇಲೆ ಕೆಲಸ. ಲಿಫ್ಟಿನ ಲೆಕ್ಕವೂ ಇದೇ ಎಂದು ಅವಳಿಗೆ ಹೇಳಿದೆ. ಕಂಬ, ಗಾಲಿ ಹಳೆಯವಿರಬಹುದು. ಆದರೆ ಹೊಸ ಜಾಗದಲ್ಲಿ ಹೊಸ ಕಾಂಕ್ರೀಟ್ ಅಡಿಪಾಯ ಬೇಕು. ಹಗ್ಗ, ವಿದ್ಯುತ್ ಉಪಕರಣಗಳನ್ನು ಸಾಮಾನ್ಯವಾಗಿ ಹೊಸದಾಗಿ ಹಾಕುತ್ತಾರೆ. ಹಗ್ಗ ಒಂದೇ ಕಡೆ ಸವೆಯಬಾರದೆಂದು ಕುರ್ಚಿಯ ಹಿಡಿಕೆಗಳನ್ನು ಆಗಾಗ ಸ್ವಲ್ಪ ಸರಿಸುತ್ತಾರೆ. ಜನರನ್ನು ಹತ್ತಿಸುವ ಮೊದಲು ಕುರ್ಚಿಗಳ ಮೇಲೆ ಭಾರ ಹೇರಿ, ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಮಾಮೂಲಿ ಬ್ರೇಕಿನ ಜೊತೆಗೆ ತುರ್ತಿನದೊಂದು. ಹಗ್ಗ ಹಿಂದಕ್ಕೆ ಜಾರದಂತೆ ತಡೆಯುವ ಏರ್ಪಾಡು ಬೇರೆ. ಕರೆಂಟು ಹೋದರೂ ಜನರನ್ನು ಇಳಿಸಲು ಇನ್ನೊಂದು ಎಂಜಿನ್.

ಅಷ್ಟರಲ್ಲಿ ಕುರ್ಚಿ ಮತ್ತೆ ಹೊರಟಿತು. ಆಮೇಲೆ ತಿಳಿಯಿತು: ಕೆಳಗೆ ಒಬ್ಬ ಹುಡುಗ ಹತ್ತುವಾಗ ಬಿದ್ದಿದ್ದ, ಕಾವಲಿದ್ದವ ತಕ್ಷಣ ಗುಂಡಿ ಒತ್ತಿದ್ದ. "ನೋಡು ಪುಟ್ಟಿ, ಇದು ಕೆಟ್ಟು ನಿಂತದ್ದಲ್ಲ, ನಿಲ್ಲಬೇಕಾದಾಗ ನಿಂತದ್ದು" ಎಂದೆ. ಅವಳ ಹಿಡಿತ ಆಗ ಸಡಿಲವಾಯಿತು.

ಮಕ್ಕಳೇ, ಅಪ್ಪ ಸೆಕೆಂಡ್ ಹ್ಯಾಂಡ್ ಸೈಕಲ್ ತಂದರೆ ಮುಖ ಊದಿಸಿಕೊಳ್ಳಬೇಡಿ. ಹಾಗೆಂದು ಸುಮ್ಮನೆ ಹತ್ತಿ ಹೊರಡಲೂ ಬೇಡಿ. ಎಷ್ಟು ವರ್ಷದ್ದು ಎನ್ನುವುದಕ್ಕಿಂತ ಮುಖ್ಯವಾದ ಮೂರು ಪ್ರಶ್ನೆಗಳಿವೆ: ಏನೇನು ಬದಲಾಯಿಸಿದ್ದಾರೆ? ಬ್ರೇಕ್ ಹಿಡಿಯುತ್ತದೆಯೇ? ದಿನಾ ನೋಡಿಕೊಳ್ಳುವವರು ಯಾರು? ಮೂರನೆಯದಕ್ಕೆ ಉತ್ತರ ನೀವೇ ಆಗಿದ್ದರೆ ಸೈಕಲ್ ಬಹಳ ಕಾಲ ಓಡುತ್ತದೆ.

ಇನ್ನು ಓಡಲಾರದಷ್ಟು ಹಳತಾದ ಲಿಫ್ಟಿನ ಕುರ್ಚಿಗಳ ಕತೆಯೂ ಅಲ್ಲಿಗೇ ಮುಗಿಯುವುದಿಲ್ಲ. ಜನ ಅವನ್ನು ಕೊಂಡು ಮನೆಯ ಜಗಲಿಗೆ ನೇತುಹಾಕುತ್ತಾರೆ, ಉಯ್ಯಾಲೆಯಾಗಿ. ಅಲ್ಲಿ ಕೂತು ತೂಗಿಕೊಳ್ಳುವವರು ಸಾಮಾನ್ಯವಾಗಿ ನಮ್ಮಂಥ ಅಜ್ಜ ಅಜ್ಜಿಯರೇ ಇರಬೇಕು!