ಅರ್ಜಿಯೊಳಗಿನ ಪ್ರಶ್ನೆ

ಫೆಲೋಶಿಪ್ ವಿಷಯ ಬಂದಾಗ ನಮ್ಮ ಸ್ನಾತಕೋತ್ತರ ವಿಭಾಗಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಮಾತು ‘ಆಗಿದೆ’. ಅವಳಿಗೆ ಜೆಆರ್‌ಎಫ್ ಆಗಿದೆ, ಅವನಿಗೆ ನೆಟ್ ಆಗಿದೆ, ಇವನಿಗೆ ಇನ್ನೂ ಏನೂ ಆಗಿಲ್ಲ. ಮಳೆ ಆಗುವಂತೆ, ಮದುವೆ ಆಗುವಂತೆ, ವರ್ಗ ಆಗುವಂತೆ ಫೆಲೋಶಿಪ್ಪೂ ಆಗುತ್ತದೆ. ಇನ್ನೊಂದು ಮಾತು ‘ಸಿಕ್ಕಿದೆ’. ಎರಡರಲ್ಲಿಯೂ ಯಾರು ಏನು ಮಾಡಿದರು ಎನ್ನುವುದಕ್ಕೆ ಜಾಗವಿಲ್ಲ. ‘ಬರೆದೆ, ತಿದ್ದಿದೆ, ಹೋಯಿತು, ಮತ್ತೆ ಬರೆದೆ’ ಎಂದು ಯಾರಾದರೂ ಹೇಳುವುದು ಅಪರೂಪ. ಈ ರೂಢಿಯ ಹಿಂದೆ ಒಂದು ನಂಬಿಕೆ ಇದೆ: ಓದು ಒಂದು ಕಡೆ, ಓದಿಗೆ ಬೇಕಾದ ಹಣ ಇನ್ನೊಂದು ಕಡೆ, ಮೊದಲನೆಯದು ವಿದ್ಯೆ, ಎರಡನೆಯದು ಹಣೆಬರಹ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಫೆಲೋಶಿಪ್ ಹುಡುಕುವುದೂ ಅದಕ್ಕೆ ಬರೆಯುವುದೂ ಸಂಶೋಧನೆಯೊಳಗಿನ ಕೆಲಸ. ಸಂಶೋಧನೆಯನ್ನು ಕಲಿಸುವವರೇ ಅದನ್ನೂ ಕಲಿಸಬೇಕು. ಕಲಿಸದೆ ಬಿಟ್ಟಿರುವುದರ ನಷ್ಟ ಎಲ್ಲರ ಪಾಲಿಗೂ ಸಮನಾಗಿ ಬರುವುದಿಲ್ಲ. ಮನೆಯಲ್ಲಿ ಪ್ರೊಫೆಸರುಗಳಿರುವವರು ಊಟದ ಹೊತ್ತಿನಲ್ಲೇ ಇದನ್ನು ಕಲಿತಿರುತ್ತಾರೆ. ಮನೆಗೇ ಮೊದಲಿಗರಾಗಿ ಎಂ.ಎ. ಮುಗಿಸಿ ಬಂದವರಿಗೆ ಕಲಿಯಲು ವಿಭಾಗವನ್ನು ಬಿಟ್ಟರೆ ಬೇರೆ ಜಾಗವಿಲ್ಲ.

‘ಆಗಿದೆ’ ಎಂಬ ಮಾತು ಹುಟ್ಟಿದ್ದು ಪರೀಕ್ಷೆಯಿಂದ ಎಂದು ತೋರುತ್ತದೆ. ಭಾರತದಲ್ಲಿ ಫೆಲೋಶಿಪ್ ಎಂದರೆ ಮೊದಲು ನೆನಪಾಗುವುದು ಯುಜಿಸಿಯ ನೆಟ್. ಮೂರು ಗಂಟೆ, ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ; ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಬರೆದವರಲ್ಲಿ ಅರ್ಹತೆ ಪಡೆಯುವವರು ಶೇಕಡ 6ರಷ್ಟು. ಅವರಲ್ಲಿಯೂ ಒಂದು ಚಿಕ್ಕ ಪಾಲಿಗೆ ಮಾತ್ರ ಸಂಶೋಧನೆಯ ಶಿಷ್ಯವೇತನವಾದ ಜೆಆರ್‌ಎಫ್. ಕನ್ನಡ ಎಂ.ಎ. ಮಾಡಿದವರು ಎರಡನೆಯ ಪತ್ರಿಕೆಯನ್ನು ಕನ್ನಡದಲ್ಲೇ ಬರೆಯುತ್ತಾರೆ, ಆದರೆ ಮೊದಲ ಪತ್ರಿಕೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಮ್ಮ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಕೊಡುವುದು ಪಾಠ ಮಾಡುವ ಅರ್ಹತೆಯನ್ನು. ಅದರ ಜೊತೆಗೆ ಶಿಷ್ಯವೇತನ ಬರುವುದಿಲ್ಲ. 2024ರ ಜೂನ್ ಸುತ್ತಿನಿಂದ ನೆಟ್‌ನಲ್ಲಿ ‘ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ’ ಎಂಬ ಮೂರನೆಯ ವರ್ಗವೂ ಸೇರಿಕೊಂಡಿದೆ. ಆ ವರ್ಗದವರಿಗೆ ಬಾಗಿಲು ತೆರೆಯುತ್ತದೆ, ಹಣ ಬರುವುದಿಲ್ಲ. ಜೆಆರ್‌ಎಫ್ ಪಡೆದವರಿಗೆ ತಿಂಗಳಿಗೆ 37,000 ರೂಪಾಯಿ. ಪಡೆಯದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರಿಗೆ ಹಲವು ವರ್ಷಗಳಿಂದ ಅದೇ 8,000. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೋಂದಾಯಿಸಿಕೊಂಡ ಬಹಳ ಮಂದಿಗೆ ಇವೆರಡೂ ಇಲ್ಲ. ನೆನಪನ್ನು ಅಳೆಯುವ ಪರೀಕ್ಷೆಗೆ ಅದರದೇ ಉಪಯೋಗವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಐದು ವರ್ಷ ನೀನು ಏನನ್ನು ಹುಡುಕುತ್ತೀ ಎಂದು ಅದು ಒಮ್ಮೆಯೂ ಕೇಳುವುದಿಲ್ಲ. ಕೇಳದ್ದರಿಂದ ವಿದ್ಯಾರ್ಥಿಯೂ ತನ್ನನ್ನು ತಾನು ಕೇಳಿಕೊಳ್ಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳುವ ಕಡೆಗಳು ಬೇರೆ ಇವೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಡಾಕ್ಟರಲ್ ಫೆಲೋಶಿಪ್ ಇದೆ, ಇತಿಹಾಸ ಮಂಡಳಿಯದು ಇದೆ. ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್ ತನ್ನ ಸಂಶೋಧನಾ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತ ಬಂದಿದೆ. ರಾಜ್ಯದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ನಿರ್ದೇಶನಾಲಯಗಳು ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಅರ್ಜಿ ಕರೆಯುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಹೊರದೇಶದ ಓದಿಗೆ ‘ಪ್ರಬುದ್ಧ’ ಯೋಜನೆ ಬಂದಿದೆ. ಭಾರತದಲ್ಲಿ ಪಿಎಚ್‌.ಡಿ.ಗೆ ನೋಂದಾಯಿಸಿದವರನ್ನು ಆರರಿಂದ ಒಂಬತ್ತು ತಿಂಗಳು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕಳಿಸುವ ಫುಲ್‌ಬ್ರೈಟ್-ನೆಹರೂ, ಬ್ರಿಟನ್ನಿನ ಗ್ರಂಥಾಲಯಗಳಲ್ಲಿ ಕೆಲವು ವಾರ ಕೂರಲು ನೆರವಾಗುವ ಚಾರ್ಲ್ಸ್ ವಾಲೇಸ್ ಟ್ರಸ್ಟ್, ಜರ್ಮನಿಯ ವಿದ್ಯಾರ್ಥಿವೇತನ ಸಂಸ್ಥೆ ಡಾಡ್ ಇವೆ. ಇವು ಒಂದೇ ಕಡೆ ಸಿಗುವುದಿಲ್ಲ, ಒಂದೇ ತಿಂಗಳಲ್ಲಿ ಬರುವುದಿಲ್ಲ. ಕೆಲವಕ್ಕೆ ಹೊರಡುವ ದಿನಕ್ಕಿಂತ ಒಂದು ವರ್ಷ ಮುಂಚೆ ಅರ್ಜಿ ಹೋಗಿರಬೇಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಗೈಡ್ ರಜೆಯ ಮೇಲಿರುತ್ತಾರೆ, ನೋಂದಣಿ ಪತ್ರ ಇನ್ನೂ ವಿಶ್ವವಿದ್ಯಾಲಯದ ಕಚೇರಿಯಿಂದ ಬಂದಿರುವುದಿಲ್ಲ. ಇದನ್ನು ಗುಮಾಸ್ತಿಕೆ ಎಂದು ಬದಿಗಿಡುವವರಿಗೆ ನಾನು ಕೇಳುವುದು ಇಷ್ಟೆ: ಹಳೆಯ ಗೆಜೆಟಿಯರ್ ಯಾವ ಕಪಾಟಿನಲ್ಲಿದೆ, ಯಾವ ತಾಲ್ಲೂಕು ಕಚೇರಿ ಯಾವ ವರ್ಷದ ದಾಖಲೆ ಇಟ್ಟಿದೆ, ಯಾರನ್ನು ಕೇಳಿದರೆ ಬೀಗ ತೆಗೆಯುತ್ತಾರೆ ಎಂದು ಹುಡುಕುವುದು ಸಂಶೋಧನೆಯಾದರೆ, ಚದುರಿದ ಮಾಹಿತಿಯನ್ನು ತಾಳ್ಮೆಯಿಂದ ಒಟ್ಟುಮಾಡಿ ದಿನಾಂಕದ ಪ್ರಕಾರ ಜೋಡಿಸಿಟ್ಟುಕೊಳ್ಳುವುದು ಬೇರೆ ಜಾತಿಯ ಕೆಲಸವೇ?

ಹುಡುಕಾಟಕ್ಕಿಂತ ಬರವಣಿಗೆಯ ಮಾತು ದೊಡ್ಡದು. ನಮ್ಮ ಪಿಎಚ್‌.ಡಿ. ಶೀರ್ಷಿಕೆಗಳಲ್ಲಿ ‘ಒಂದು ಅಧ್ಯಯನ’ ಎಂಬ ಬಾಲ ಎಷ್ಟು ಸಾಮಾನ್ಯ ಎಂಬುದನ್ನು ಯಾವ ವಿಶ್ವವಿದ್ಯಾಲಯದ ಪಟ್ಟಿಯೂ ತೋರಿಸುತ್ತದೆ. ‘ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ಕೃಷಿ ಬದಲಾವಣೆ: ಒಂದು ಅಧ್ಯಯನ’ ಎಂಬ ಶೀರ್ಷಿಕೆಯನ್ನು ಊಹಿಸಿಕೊಳ್ಳಿ. ವಿಷಯ ಒಳ್ಳೆಯದು, ಸಿನಾಪ್ಸಿಸ್ ಒಪ್ಪಿಗೆಯಾಗುತ್ತದೆ. ಆದರೆ ಇದರಲ್ಲಿ ಪ್ರಶ್ನೆ ಇಲ್ಲ. ಇದೇ ವಿಷಯ ಫೆಲೋಶಿಪ್ ಅರ್ಜಿಯ ಮೂರು ಪುಟಕ್ಕೆ ಇಳಿಯಬೇಕಾದಾಗ ಏನಾಗುತ್ತದೆ ನೋಡಿ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಸ್ವಲ್ಪ ನೀರನ್ನು ಬಹಳ ಜಮೀನಿಗೆ ಹಂಚಲು, ಜೋಳ, ಹತ್ತಿಯಂಥ ಬೆಳೆಗಳಿಗೆ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರೂ ಅವರನ್ನು ನೋಡಿ ಸ್ಥಳೀಯರೂ ಮೇಲ್ಭಾಗದಲ್ಲಿ ಭತ್ತ ಹಾಕಿದರು. ಮಾನ್ವಿ, ರಾಯಚೂರು ಕಡೆಯ ಕೆಳಭಾಗಕ್ಕೆ ನೀರು ಮುಟ್ಟುವುದು ಕಷ್ಟವಾಯಿತು. ಇಷ್ಟು ಆಗಲೇ ಗೊತ್ತಿರುವ ಸಂಗತಿ. ಹಾಗಾದರೆ ಗೊತ್ತಿಲ್ಲದ್ದು ಯಾವುದು? ನೀರು ಬರುವುದೋ ಇಲ್ಲವೋ ಎಂಬ ಅನುಮಾನದಲ್ಲೇ ಬಿತ್ತುವ ಕೆಳಭಾಗದ ಸಣ್ಣ ರೈತ ಯಾವ ಲೆಕ್ಕದ ಮೇಲೆ ಬೆಳೆ ಆರಿಸುತ್ತಾನೆ? ಆ ಲೆಕ್ಕ ಮನೆಯಲ್ಲಿ ಯಾರದು, ಸಾಲ ಕೊಟ್ಟವನ ಮಾತು ಅದರಲ್ಲಿ ಎಷ್ಟು? ಇದನ್ನು ತಿಳಿಯಲು ಯಾವ ವಿತರಣಾ ಕಾಲುವೆಯ ಮೇಲೆ ಎಷ್ಟು ಹಳ್ಳಿ ಸಾಕು, ಮುಂಗಾರಿನಲ್ಲಿ ಹೋಗಬೇಕೋ ಹಿಂಗಾರಿನಲ್ಲೋ, ನೀರಾವರಿ ಇಲಾಖೆಯ ಯಾವ ದಾಖಲೆ ನೋಡಬೇಕು, ಬಸ್ಸಿಗೆ ಮತ್ತು ಉಳಿಯಲು ಎಷ್ಟು ಹಣ? ಆಯ್ಕೆ ಸಮಿತಿ ಕೇಳುವುದು ಇವನ್ನೇ. ಇಷ್ಟಕ್ಕೂ ಉತ್ತರ ಬರೆದು ಮುಗಿಸಿದ ವಿದ್ಯಾರ್ಥಿಗೆ ಹಣ ಬರಲಿ ಬಿಡಲಿ, ಮಹಾಪ್ರಬಂಧದ ಅಡಿಪಾಯ ಬಿದ್ದಿರುತ್ತದೆ. ಅರ್ಜಿ ಸಂಶೋಧನೆಯ ಒಳಗಿನದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಹಣ ಕೊಡುವವರ ಕಣ್ಣಿಗೆ ಹಿಡಿಸುವಂತೆ ಬರೆಯುತ್ತ ಹೋದರೆ ಪ್ರಶ್ನೆಯೇ ಬಾಗುವುದಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಬಾಗುತ್ತದೆ, ಕೆಲವೊಮ್ಮೆ ಬಾಗಿಸಲಾಗುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗಾಗಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜವನ್ನು ಕುರಿತ ವಿಷಯಗಳಿಗೆ ಇದು ಸಲ್ಲುವುದಿಲ್ಲ ಎಂದು 2022ರ ಮಾರ್ಗಸೂಚಿ ಹೇಳಿತು. ಜಾತಿಯನ್ನು ಉಂಡು ಬೆಳೆದವರು ಜಾತಿಯನ್ನು ಹೊರದೇಶದ ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಕೂತು ಅಭ್ಯಾಸ ಮಾಡಲು ಈ ಹಣ ಇಲ್ಲ ಎಂದಂತಾಯಿತು. ಇದು ಅನ್ಯಾಯ. ಯಾವ ಜಾಣ ಅರ್ಜಿಯೂ ಇದನ್ನು ಸರಿಪಡಿಸಲಾರದು. ಇದನ್ನು ಎದುರಿಸುವ ದಾರಿ ಸಾರ್ವಜನಿಕ ವಿರೋಧ. ಆದರೆ ಇದರಿಂದ ಅರ್ಜಿ ಬರೆಯುವ ಕಲೆಯೇ ಕೆಟ್ಟದ್ದು ಎಂಬ ತೀರ್ಮಾನ ಹುಟ್ಟುವುದಿಲ್ಲ. ತನ್ನ ಪ್ರಶ್ನೆ ಯಾವುದೆಂದು ಸ್ಪಷ್ಟವಿಲ್ಲದವರೇ ಬೇಗ ಬಾಗುತ್ತಾರೆ. ಸ್ಪಷ್ಟವಿರುವವರಿಗೆ ಯಾವ ಮಾತನ್ನು ಬದಲಿಸಬಹುದು, ಯಾವುದನ್ನು ಬದಲಿಸಿದರೆ ಕೆಲಸವೇ ಹಾಳಾಗುತ್ತದೆ ಎಂಬ ಗೆರೆ ಗೊತ್ತಿರುತ್ತದೆ. ಇನ್ನೊಂದು ಮಾತು: ಒಳ್ಳೆಯ ಫೆಲೋಶಿಪ್ ಕೊಂಡುಕೊಡುವುದು ಕಾಲವನ್ನು, ಆ ಕಾಲ ಅರ್ಜಿಯ ಅಂಚನ್ನು ಮೀರಿ ಹರಿಯುತ್ತದೆ. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್‌.ಡಿ. ಪಡೆದದ್ದು ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯವನ್ನು ಕುರಿತು. ‘ಸಂಸ್ಕಾರ’ವನ್ನು ಅವರು ಬರೆದದ್ದೂ ಅಲ್ಲೇ, ಅದೇ ವರ್ಷಗಳಲ್ಲಿ.

ಕಾಲದ ಬೆಲೆಯನ್ನು ಇನ್ನಷ್ಟು ಕಠಿಣವಾಗಿ ಕಲಿಸುವ ಉದಾಹರಣೆ ಅಂಬೇಡ್ಕರ್ ಅವರದು. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ವಿದ್ಯಾರ್ಥಿವೇತನ ಅವರನ್ನು ಕೊಲಂಬಿಯಾಕ್ಕೆ ಮುಟ್ಟಿಸಿತು. ಪ್ರತಿಯಾಗಿ ಹತ್ತು ವರ್ಷ ಸಂಸ್ಥಾನದ ಸೇವೆಯ ಕರಾರು ಇತ್ತು. ಅಲ್ಲಿಂದ ಲಂಡನ್ನಿಗೆ ಹೋದರು. 1917ರಲ್ಲಿ ಅವಧಿ ಮುಗಿಯಿತು, ಓದು ಅರ್ಧಕ್ಕೆ ನಿಂತಿತು. ಸಿಡೆನ್‌ಹ್ಯಾಮ್ ಕಾಲೇಜಿನ ಸಂಬಳದಲ್ಲಿ ಉಳಿಸಿದ ಹಣ, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಗೆಳೆಯನೊಬ್ಬ ಕೊಟ್ಟ ಸಾಲ ಕೂಡಿಸಿಕೊಂಡು 1920ರಲ್ಲಿ ಅವರು ಲಂಡನ್ನಿಗೆ ಮರಳಿದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧ ಅವರಿಗೆ ಡಿ.ಎಸ್‌ಸಿ. ತಂದುಕೊಟ್ಟದ್ದು 1923ರಲ್ಲಿ. ಅಂಥ ಬುದ್ಧಿಯೂ ಹಣ ಮುಗಿದ ತಿಂಗಳು ಹಡಗು ಹತ್ತಲೇಬೇಕಾಯಿತು. ಪ್ರತಿಭೆಯಿದ್ದರೆ ದಾರಿ ತಾನೇ ಆಗುತ್ತದೆ ಎಂದು ಹೇಳುವವರು ಈ ಮೂರು ವರ್ಷದ ತೆರಪನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಅದೃಷ್ಟದ ಮಾತು. ಆಯ್ಕೆಯಲ್ಲಿ ಅದೃಷ್ಟವಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬಂದ 150 ಪ್ರಸ್ತಾವಗಳನ್ನು ಬೇರೆ ತಜ್ಞರಿಂದ ಮತ್ತೊಮ್ಮೆ ಓದಿಸಿದ ಒಂದು ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಅನುದಾನ ಸಿಗುವುದು ಸುಮಾರು ಅರ್ಧದಷ್ಟು ಪ್ರಸ್ತಾವದ ಗುಣದಿಂದ, ಇನ್ನರ್ಧ ಅದು ಯಾರ ಕೈಗೆ ಹೋಯಿತು ಎಂಬುದರಿಂದ ಎಂದು ಅದು ಕಂಡುಕೊಂಡಿತು. ಸಮಿತಿಯ ಸದಸ್ಯರು ಒಂದೇ ಅರ್ಜಿಯನ್ನು ಓದಿ ಬೇರೆ ಬೇರೆ ತೀರ್ಪು ಕೊಡುತ್ತಾರೆಂದು ಆಮೇಲಿನ ಅಧ್ಯಯನಗಳೂ ತೋರಿಸಿವೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ನೆದರ್‌ಲೆಂಡ್ಸಿನ ಯುವ ಸಂಶೋಧಕರನ್ನು ಕುರಿತು 2018ರಲ್ಲಿ ಬಂದ ಅಧ್ಯಯನ. ಗೆರೆಯ ಸ್ವಲ್ಪ ಮೇಲಿದ್ದು ಅನುದಾನ ಪಡೆದವರು ಮತ್ತು ಸ್ವಲ್ಪ ಕೆಳಗಿದ್ದು ಕಳೆದುಕೊಂಡವರು, ಅಂಕದಲ್ಲಿ ಹೆಚ್ಚುಕಡಿಮೆ ಒಂದೇ. ಆದರೂ ಮುಂದಿನ ಎಂಟು ವರ್ಷಗಳಲ್ಲಿ ಮೇಲಿನವರು ಕೆಳಗಿನವರಿಗಿಂತ ಎರಡು ಪಟ್ಟಿಗೂ ಹೆಚ್ಚು ಅನುದಾನ ಗಳಿಸಿದರು. ಇದಕ್ಕೆ ಒಂದು ಕಾರಣ, ಒಮ್ಮೆ ಸೋತವರಲ್ಲಿ ಹಲವರು ಆಮೇಲೆ ಅರ್ಜಿಯನ್ನೇ ಹಾಕಲಿಲ್ಲ. ದೇಶ ಬೇರೆ, ವ್ಯವಸ್ಥೆ ಬೇರೆ, ಅವರು ಪಿಎಚ್‌.ಡಿ. ಮುಗಿಸಿದವರು, ಆದರೂ ಸೋಲನ್ನು ತೀರ್ಪಾಗಿ ಓದಿಕೊಳ್ಳುವ ಮನಸ್ಸು ನಮಗೆ ಅಪರಿಚಿತವಲ್ಲ. ಅರ್ಧ ಅದೃಷ್ಟ ಎಂದು ಒಪ್ಪಿಕೊಂಡರೆ ಮಾಡಬೇಕಾದ್ದು ಮತ್ತೆ ಬರೆಯುವುದು, ಒಂದಕ್ಕಿಂತ ಹೆಚ್ಚು ಕಡೆ ಬರೆಯುವುದು. ತನ್ನ ಜಾಗ ಇಲ್ಲಿ ಇದೆಯೋ ಇಲ್ಲವೋ ಎಂಬ ಅಂಜಿಕೆಯಲ್ಲೇ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಿಗೆ ಮೊದಲ ತಿರಸ್ಕಾರವೇ ಕೊನೆಯ ಮಾತಾಗಿ ಕೇಳಿಸುತ್ತದೆ. ಅದು ಹಾಗಲ್ಲ ಎಂದು ಅಂಕಿ ಅಂಶ ಇಟ್ಟು ಹೇಳುವ ಗೈಡ್ ಒಬ್ಬರಿದ್ದರೆ ಎಷ್ಟೋ ಸಂಶೋಧನೆಗಳು ಉಳಿದುಕೊಳ್ಳುತ್ತವೆ.

ಇಷ್ಟೆಲ್ಲ ವಿದ್ಯಾರ್ಥಿಯ ಹೆಗಲಿಗೇಕೆ, ನೋಂದಾಯಿಸಿಕೊಂಡ ಪ್ರತಿಯೊಬ್ಬರಿಗೂ ಬದುಕುವಷ್ಟು ಹಣ ಕೊಡುವುದು ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರ ಜೊತೆ ನನಗೆ ಜಗಳವಿಲ್ಲ. ಕೊಡಬೇಕು. ಜೆಆರ್‌ಎಫ್ ಮೊತ್ತ 2014ರಲ್ಲಿ 25,000ಕ್ಕೆ, 2019ರಲ್ಲಿ 31,000ಕ್ಕೆ, 2023ರಲ್ಲಿ 37,000ಕ್ಕೆ ಏರಿದ್ದರ ಹಿಂದೆ ಪ್ರತಿ ಸಲವೂ ಸಂಶೋಧನಾ ವಿದ್ಯಾರ್ಥಿಗಳ ಹೋರಾಟವಿತ್ತು. 2015ರಲ್ಲಿ ನೆಟ್ ಇಲ್ಲದವರ ಫೆಲೋಶಿಪ್ಪನ್ನು ನಿಲ್ಲಿಸಲು ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯಲ್ಲಿ ಅದರ ಕಚೇರಿಯ ಮುಂದೆ ಕೂತರು, ಫೆಲೋಶಿಪ್ ಉಳಿಯಿತು. ಅಲ್ಪಸಂಖ್ಯಾತ ಸಮುದಾಯಗಳ ಮೌಲಾನಾ ಆಜಾದ್ ಫೆಲೋಶಿಪ್ ಮಾತ್ರ 2022ರ ಕೊನೆಯಲ್ಲಿ ನಿಂತೇಹೋಯಿತು. ಹೋರಾಟಕ್ಕೂ ಅರ್ಜಿಗೂ ವೈರವಿಲ್ಲ. ಎಲ್ಲರಿಗೂ ಕೊಡುವ ದಿನ ಬರುವತನಕ ಈ ವರ್ಷ ಸೇರಿದವರು ಅತಿಥಿ ಉಪನ್ಯಾಸಕರಾಗಿ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಕಾಲ ಕಳೆಯುತ್ತಿರುತ್ತಾರೆ.

ವಿಭಾಗಗಳು ಮಾಡಬಹುದಾದ್ದಕ್ಕೆ ಹೆಚ್ಚು ಖರ್ಚೂ ಇಲ್ಲ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ವಿಧಾನ ಎಂಬ ಪತ್ರಿಕೆ ಹೇಗೂ ಇದೆ. ಅದರ ಪರೀಕ್ಷೆಯ ಬದಲು ಒಂದು ನಿಜವಾದ ಫೆಲೋಶಿಪ್‌ಗೆ ಮೂರು ಪುಟದ ಪ್ರಸ್ತಾವ ಬರೆಸಬಹುದು. ಹಿಂದಿನವರು ಗೆದ್ದ ಅರ್ಜಿಗಳನ್ನೂ ಸೋತ ಅರ್ಜಿಗಳನ್ನೂ ಅವರ ಒಪ್ಪಿಗೆ ಪಡೆದು ಒಂದು ಕಪಾಟಿನಲ್ಲಿ ಇಡಬಹುದು. ಸೋತವೇ ಹೆಚ್ಚು ಕಲಿಸುತ್ತವೆ. ಮೊದಲ ಕರಡು ಕನ್ನಡದಲ್ಲೇ ಇರಲಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವಗಳನ್ನು ಸ್ವೀಕರಿಸುತ್ತದೆ, ನಮ್ಮದೇ ಇಲಾಖೆಗಳೂ ಮಂಡಳಿಗಳೂ ಅದನ್ನು ಮಾಡಲು ಏನು ಅಡ್ಡಿ? ಇಂಗ್ಲಿಷಿಗೆ ತರುವ ಕೆಲಸ ಆಮೇಲಿನದು. ಯೋಚನೆ ಗಟ್ಟಿಯಾಗಿದ್ದರೆ ಅದಕ್ಕೆ ನೆರವು ಸಿಗುತ್ತದೆ. ಈ ಕೆಲಸಕ್ಕೆ ನೀನೇ ಯಾಕೆ ಎಂದು ಅರ್ಜಿಯಲ್ಲಿ ಕೇಳಿದಾಗ ನಮ್ಮ ವಿದ್ಯಾರ್ಥಿಗಳು ಅಂಕಗಳನ್ನೂ ಪ್ರಮಾಣಪತ್ರಗಳನ್ನೂ ಬರೆಯುತ್ತಾರೆ. ಕಾಲುವೆಯ ಕೆಳಭಾಗದ ಹಳ್ಳಿಯಲ್ಲೇ ಬೆಳೆದವಳಿಗೆ ನೀರು ಯಾವ ತಿಂಗಳು ನಿಲ್ಲುತ್ತದೆ, ನಿಂತ ರಾತ್ರಿ ಗಂಡಸರು ಗೇಟಿನ ಹತ್ತಿರ ಯಾಕೆ ಹೋಗುತ್ತಾರೆ, ಮರುದಿನ ಮನೆಯಲ್ಲಿ ಯಾವ ಖರ್ಚು ಮೊದಲು ಕಡಿತವಾಗುತ್ತದೆ ಎಂಬುದು ಗೊತ್ತಿರುತ್ತದೆ. ಅದು ಅವಳ ಅರ್ಜಿಯ ಮೊದಲ ಪುಟದಲ್ಲಿ ಇರಬೇಕಾದ ಮಾತು.