ಒಂದು ಗುಟುಕು ನೀರು

ಹೊಕ್ಕುಳ ಸುತ್ತ ಹಿಡಿದ ನೋವು ಬೆಳಗಾಗುವಷ್ಟರಲ್ಲಿ ಬಲಗಡೆಯ ಕೆಳಹೊಟ್ಟೆಗೆ ಇಳಿದು ನಿಂತಿತು. ಬಸರಾಳಿನ ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿತ್ತು, ಹಗಲೂ ರಾತ್ರಿ ಸೊಪ್ಪು ಹಾಕುವ ಕಾಲ. "ಹರಳೆಣ್ಣೆ ಕುಡ್ಸಿ, ಹೊಟ್ಟೆ ತೊಳ್ದೋಯ್ತದೆ" ಎಂದರು ಪಕ್ಕದ ಮನೆಯವರು. ನನ್ನ ಗಂಡ ಒಪ್ಪಲಿಲ್ಲ. ಅಪೆಂಡಿಕ್ಸ್ ಊದಿದಾಗ ಭೇದಿಗೆ ಕೊಟ್ಟರೆ ಅದು ಒಡೆಯುವ ಅಪಾಯವಿದೆ ಎಂದು ಆಮೇಲೆ ಡಾಕ್ಟರು ತಿಳಿಸಿದರು. ಭೇದಿಗೆ ಕೊಡದಿದ್ದರೂ ನನ್ನದು ಒಡೆಯಿತು. ಸ್ವಲ್ಪ ಹೊತ್ತು ನೋವು ಇಳಿದಂತಾಗಿ, ಮತ್ತೆ ಹೊಟ್ಟೆಯಿಡೀ ಹಲಗೆಯಂತೆ ಬಿಗಿಯಿತು. ಮಂಡ್ಯ ಸುಮಾರು 25 ಕಿಲೋಮೀಟರ್. ದಾರಿಯ ಪ್ರತಿ ಕುಲುಕೂ ಹೊಟ್ಟೆಯೊಳಗೇ ಆಯಿತು.

ಮಿಮ್ಸ್ ಆಸ್ಪತ್ರೆಯ ಥಿಯೇಟರಿನಲ್ಲಿ ಹೆಸರೇನು, ಯಾವ ಆಪರೇಷನ್, ಯಾವ ಔಷಧಿ ಒಗ್ಗಲ್ಲ ಎಂದು ಮತ್ತೆ ಮತ್ತೆ ಕೇಳಿದರು. ಆ ನೋವಿನಲ್ಲಿ ಸಿಟ್ಟು ಬಂತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಪಟ್ಟಿ ಕೊಟ್ಟು, ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ಥಿಯೇಟರಿನಿಂದ ಹೊರಗೆ ತರುವ ಮುಂಚೆ ಹೀಗೆ ಖಚಿತ ಮಾಡಿಕೊಳ್ಳಬೇಕೆಂದು ಹೇಳಿದೆಯಂತೆ. ನರ್ಸಿಂಗ್ ಓದುವ ತಂಗಿ ಮಗಳು ಇದನ್ನು ವಿವರಿಸಿದಳು.

ಎಚ್ಚರವಾದಾಗ ಮೂಗಿನಲ್ಲಿ ರೈಲ್ಸ್ ಟ್ಯೂಬು, ಪಕ್ಕೆಯಲ್ಲಿ ಕೀವು ಬಸಿಯುವ ಡ್ರೈನು, ಮೂತ್ರಕ್ಕೆ ಪೈಪು. ನೋವಿಗೆ ಇಂಜೆಕ್ಷನ್ ಇತ್ತು, ಬಾಯಾರಿಕೆಗೆ ಇರಲಿಲ್ಲ. ಡ್ರಿಪ್ಪಿನಲ್ಲಿ ಮೈಗೆ ನೀರು ಹೋಗುತ್ತಿದ್ದರೂ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. "ಒಂದ್ ಗುಟುಕು ನೀರು ಬುಡವ್ವಾ" ಎಂದು ಅವ್ವ ಸಿಸ್ಟರನ್ನು ಅಂಗಲಾಚಿದಳು.

"ಕರುಳು ಇನ್ನೂ ಕೆಲಸ ಶುರು ಮಾಡಿಲ್ಲ ಕಣಮ್ಮ. ಕೊಟ್ಟಿದ್ದು ಕೆಳಕ್ಕಿಳಿಯಲ್ಲ. ವಾಂತಿಯಾಗಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಕುತ್ತು."

ಹಾಗೆಂದವರು ಹಾಗೇ ಹೋಗಲಿಲ್ಲ. ಬಟ್ಟೆ ಒದ್ದೆ ಮಾಡಿ ತುಟಿ ಒರೆಸಿದರು, ರಾತ್ರಿಯಿಡೀ ಬಂದು ಒರೆಸಿದರು. ಬಂದಾಗಲೆಲ್ಲ ನಾಡಿ, ಬಿಪಿ, ಜ್ವರ ನೋಡಿ, ಮೂಗಿನ ಟ್ಯೂಬಿನ ಚೀಲದ ಹಸಿರು ನೀರನ್ನೂ ಮೂತ್ರವನ್ನೂ ಅಳೆದು ಬರೆದರು. ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಡಾಕ್ಟರಿಗೆ ತಿಳಿಸಲೇಬೇಕಂತೆ. ಡಿಸ್ಚಾರ್ಜ್ ಚೀಟಿಯಲ್ಲಿ ಆಪರೇಷನ್ ಮಾಡಿದವರ ಹೆಸರಿದೆ, ಈ ಸಿಸ್ಟರುಗಳ ಹೆಸರಿಲ್ಲ. ಅದು ಸರಿಯಲ್ಲ ಎಂದೇ ನನ್ನ ಭಾವನೆ.

ಮಾರನೇ ದಿನ ಎಬ್ಬಿಸಿ ಕೂರಿಸಿದರು. ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಲು ಹೇಳಿದರು. ಮಲಗೇ ಇದ್ದರೆ ಎದೆಯಲ್ಲಿ ಕಫ ಕಟ್ಟಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೊಲಿಗೆ ಹರಿಯುತ್ತದೇನೋ ಎಂಬ ಭಯದಲ್ಲೇ ಮಂಚ ಹಿಡಿದು ನಡೆದೆ. ಕರುಳು ಕೆಲಸ ಶುರು ಮಾಡಿತೇ ಎಂದು ತಿಳಿಯಲು "ಗಾಳಿ ಹೋಯ್ತಾ ಅಕ್ಕಾ?" ಎಂದು ಸಿಸ್ಟರುಗಳು ದಿನಾ ಕೇಳುತ್ತಿದ್ದರು, ನಾನು ನಾಚಿಕೆಯಿಂದ ಇಲ್ಲವೆಂದು ತಲೆ ಆಡಿಸುತ್ತಿದ್ದೆ. ಕೊನೆಗೆ ಹೋಯಿತು ಎಂದಾಗ ಅವ್ವ ಕೈಮುಗಿದಳು. ಟ್ಯೂಬು ತೆಗೆದು ಚಮಚದಲ್ಲಿ ನೀರು ಕೊಟ್ಟರು. ಅಷ್ಟು ರುಚಿಯಾದದ್ದನ್ನು ನಾನು ಕುಡಿದೇ ಇರಲಿಲ್ಲ.

ಗಾಯದ ಕೆಳತುದಿಯಲ್ಲಿ ಕೀವು ಒಸರಿ, ಊರಿಗೆ ಬಂದ ಮೇಲೂ ಡ್ರೆಸ್ಸಿಂಗ್ ನಡೆಯಿತು. ಜ್ವರ, ವಾಂತಿ, ಹೊಟ್ಟೆಯುಬ್ಬರ ಬಂದರೆ ಕಾಯದೆ ಬರಬೇಕು, ಭಾರ ಎತ್ತಿದರೆ ಹರ್ನಿಯಾ ಆಗಬಹುದು ಎಂದು ಸಿಸ್ಟರ್ ಅತ್ತೆಯನ್ನೇ ಮುಂದೆ ಕೂರಿಸಿಕೊಂಡು ಹೇಳಿದ್ದರು. ಅತ್ತೆ ಆ ಮಾತು ಬಿಡಲಿಲ್ಲ. ಮೂರು ತಿಂಗಳು ನನಗೆ ತುಂಬಿದ ಬಿಂದಿಗೆ ಮುಟ್ಟಲು ಕೊಡಲಿಲ್ಲ.